ಹೊಸ ಲೆಗೊ ಗೊಂಬೆಗಳನ್ನೂ ಥೀಮ್‌ಗಳನ್ನೂ ಕೊಳ್ಳುವ ಮುನ್ನ ಅಳೆಯುವ ಬಗೆ: ಕರಾವಳಿಯ ಸಂಗ್ರಾಹಕರಿಗೊಂದು ಕೈಪಿಡಿ

ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಆಡುವ ಆಟಿಕೆಗಳನ್ನು ಮಾಡುವ ಲೆಗೊ ಕಂಪನಿಯು ಪ್ರತಿವರ್ಷ ನೂರಾರು ಹೊಸ ಸೆಟ್‌ಗಳನ್ನು ಹೊರತರುತ್ತದೆ. ಅವುಗಳ ಪೆಟ್ಟಿಗೆಗಳಲ್ಲಿ ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಮಿನಿಫಿಗರ್ ಎಂಬ ಪುಟ್ಟ ಗೊಂಬೆಗಳು ಬರುತ್ತವೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಇದ್ದುಕೊಂಡು ಇವನ್ನು ಸಂಗ್ರಹಿಸುವವರಿಗೆ ಎಲ್ಲವೂ ಬೇಕೆನಿಸಬಹುದು, ಆದರೆ ಕಿಸೆ ಒಪ್ಪುವುದಿಲ್ಲ. ಆಮದು ಮಾಡಿದ ಆಟಿಕೆಗಳ ಮೇಲಿನ ಮೂಲ ಸುಂಕವು 2020ರಲ್ಲಿ ಶೇ. 20ರಿಂದ ಶೇ. 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿದ ಮೇಲಂತೂ ಆಯ್ದು ಕೊಳ್ಳುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಆಯ್ಕೆಗೆ ನಾನು ಬಳಸುವ ಅಳತೆಗೋಲು ಒಂದೇ: ಗೊಂಬೆಯು ತಾನು ಹುಟ್ಟಿದ ಥೀಮಿನ, ಅಂದರೆ ಒಂದೇ ವಿಷಯದ ಸೆಟ್‌ಗಳ ಸಾಲಿನ, ಹೊರಗೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು. ಅದರ ಅಂಗಿ, ಕೂದಲು, ಕಾಲು, ಕೈಯಲ್ಲಿನ ಸಾಮಾನು ಇವೆಲ್ಲ ಬಿಡಿಯಾಗಿ ಮಲ್ಪೆಯ ಧಕ್ಕೆಯಲ್ಲೋ, ಹಂಪನಕಟ್ಟೆಯ ಬಸ್ ನಿಲ್ದಾಣದಲ್ಲೋ, ಯಕ್ಷಗಾನದ ರಂಗಸ್ಥಳದಲ್ಲೋ ಸಲ್ಲುವಂತಿದ್ದರೆ ಅದು ಒಳ್ಳೆಯ ಗೊಂಬೆ. ಪಾತ್ರದ ಹೆಸರು ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು.

ಗೊಂಬೆಯನ್ನು ಬಿಡಿಸಿ ನೋಡುವುದು

ಇಂದಿನ ಮಿನಿಫಿಗರ್ 1978ರಲ್ಲಿ ಬಂದದ್ದು. ಡೆನ್ಮಾರ್ಕಿನ ವಿನ್ಯಾಸಕಾರ ಯೆನ್ಸ್ ನೈಗೋರ್ ಕ್ನುಡ್ಸನ್ ರೂಪಿಸಿದ ಈ ಸುಮಾರು 4 ಸೆಂಟಿಮೀಟರ್ ಎತ್ತರದ ಆಕೃತಿಯ ಮೂಲ ಅಳತೆಗಳು ಅಂದಿನಿಂದ ಬದಲಾಗಿಲ್ಲವಾದ್ದರಿಂದ, ಅಂದಿನ ಕಾಲುಗಳು ಇಂದಿನ ಮುಂಡಕ್ಕೆ ಸರಿಯಾಗಿ ಕೂಡುತ್ತವೆ. ಸಂಗ್ರಾಹಕರು ಗೊಂಬೆಯನ್ನು ಇಡಿಯಾಗಿ ನೋಡದೆ ಭಾಗಭಾಗವಾಗಿ ನೋಡಬೇಕೆನ್ನುವುದಕ್ಕೆ ಕಾರಣವೇ ಇದು.

ಮೊದಲು ನೋಡಬೇಕಾದದ್ದು ಮುಂಡ, ಅಂದರೆ ಅಂಗಿ ಅಚ್ಚಾಗಿರುವ ಭಾಗ. ಬೆನ್ನಿನ ಮೇಲೂ ಅಚ್ಚು ಇದೆಯೇ, ತೋಳುಗಳ ಮೇಲೆ ಇದೆಯೇ ಎಂಬುದನ್ನು ಗಮನಿಸಿ. ಬೆಲೆ ಹೆಚ್ಚಿರುವ ಸೆಟ್‌ನಲ್ಲಿ ಬೆನ್ನು ಖಾಲಿ ಬಿಟ್ಟಿದ್ದರೆ ಅದು ಜಿಪುಣತನವೇ ಸರಿ. ಅನಂತರ ಕುತ್ತಿಗೆಯ ಬಳಿ ನೋಡಿ. ತೆರೆದ ಕಾಲರ್ ಇರುವ ಅಂಗಿಯಾದರೆ ಅಲ್ಲಿ ಚರ್ಮದ ಬಣ್ಣವೂ ಅಚ್ಚಾಗಿರುತ್ತದೆ, ಮತ್ತು ಆ ಬಣ್ಣಕ್ಕೆ ಹೊಂದುವ ತಲೆಯನ್ನಷ್ಟೇ ಆ ಮುಂಡದ ಮೇಲೆ ಕೂರಿಸಬಹುದು. ಕುತ್ತಿಗೆಯವರೆಗೆ ಗುಂಡಿ ಹಾಕಿದ, ಚರ್ಮವೇ ಕಾಣದ ಅಂಗಿ ಯಾವ ತಲೆಗೂ ಸಲ್ಲುತ್ತದೆ. ನನ್ನ ಲೆಕ್ಕದಲ್ಲಿ ಅಂಥ ಒಂದು ಸಾದಾ ಅಂಗಿ ಮೂರು ಥಳುಕಿನ ಕವಚಗಳಿಗೆ ಸಮ. ಇನ್ನೊಂದು ಸೂಕ್ಷ್ಮವೂ ಇದೆ. ಗಾಢ ಬಣ್ಣದ ಪ್ಲಾಸ್ಟಿಕ್ಕಿನ ಮೇಲೆ ತಿಳಿ ಬಣ್ಣವನ್ನು ಅಚ್ಚು ಹಾಕಿದಾಗ ಅದು ಅನೇಕ ಸಲ ಮಂಕಾಗಿ, ತುಸು ಬೂದಿಯಾಗಿ ಕಾಣುತ್ತದೆ. ಕಂಪನಿಯ ಪ್ರಚಾರ ಚಿತ್ರಗಳು ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ರಚಿಸಿದವಾದ್ದರಿಂದ ಈ ದೋಷ ಅವುಗಳಲ್ಲಿ ಸುಳಿಯುವುದೇ ಇಲ್ಲ. ಆದ್ದರಿಂದ ಹೊಸ ಗೊಂಬೆಯ ಘೋಷಣೆಯಾದ ದಿನವೇ ಮುಂಗಡ ಕಾದಿರಿಸದೆ, ಯಾರಾದರೂ ನಿಜವಾದ ಗೊಂಬೆಯನ್ನು ಹಗಲು ಬೆಳಕಿನಲ್ಲಿಟ್ಟು ತೆಗೆದ ಚಿತ್ರ ಸಿಗುವವರೆಗೆ ಕಾಯುವುದು ಲೇಸು.

ಕಾಲುಗಳ ವಿಚಾರದಲ್ಲಿ ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದೇ ಅಚ್ಚಿನಲ್ಲಿ ಸೇರಿಸಿ ಮಾಡಿದವು ಮೇಲು. ಬಣ್ಣ ಬಳಿದು ಮಾಡಿದ ಕಾಲಿನಲ್ಲಿ ಬದಿಗಳು ಖಾಲಿ ಉಳಿಯುವುದುಂಟು, ಹೀಗೆ ಸೇರಿಸಿ ಮಾಡಿದ ಕಾಲಿನಲ್ಲಿ ಸುತ್ತಲೂ ಬಣ್ಣ ಇರುತ್ತದೆ. ವಿನ್ಯಾಸಕಾರರು ಮೇಲೆ ಬಟ್ಟೆಯ ಬಣ್ಣ, ಕೆಳಗೆ ಚರ್ಮದ ಬಣ್ಣ ಕೊಟ್ಟು ಚಡ್ಡಿಯೆಂದು ತೋರಿಸುವ ಕಾಲುಗಳು ನಮ್ಮಲ್ಲಿ ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿಯಾಗುತ್ತವೆ. ಮೀನಿನ ಬುಟ್ಟಿ ಹೊರುವ ಗೊಂಬೆಗೆ ಇದಕ್ಕಿಂತ ತಕ್ಕ ಉಡುಗೆಯಿಲ್ಲ. ಬಿಡಿಯಾಗಿ ಮಾರುವ ಗೊಂಬೆಗಳ 2012ರ ಏಳನೆಯ ಸರಣಿಯಲ್ಲಿ ಬಂದ ಸ್ಕಾಟ್ಲೆಂಡಿನ ವಾದ್ಯಗಾರನ ಚೌಕುಳಿ ಉಡುಗೆಯನ್ನು ನೋಡಿದಾಗ ನನಗೆ ನೆನಪಾಗುವುದು ಎಡಿನ್‌ಬರೋ ಅಲ್ಲ, ಬಂದರಿನ ಲೋಡಿಂಗ್ ಕೆಲಸದವರ ಚೌಕುಳಿ ಲುಂಗಿ.

ತಲೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1989ರಲ್ಲಿ ಕಡಲ್ಗಳ್ಳರ ಥೀಮ್ ಬರುವವರೆಗೆ ಎಲ್ಲ ಗೊಂಬೆಗಳಿಗೂ ಒಂದೇ ಮುಗುಳ್ನಗೆ ಇತ್ತು. ಈಗ ಮುಂದೊಂದು, ಹಿಂದೊಂದು ಮುಖಭಾವ ಇರುವ ತಲೆಗಳೇ ಹೆಚ್ಚು. ಹಿಂದಿನ ಮುಖವು ಗಿಡ್ಡ ಕೂದಲಿನ ಅಡಿಯಿಂದ ಇಣುಕುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಚರ್ಮದ ಬಣ್ಣದ ಪ್ರಶ್ನೆ ತುಸು ತೊಡಕಿನದು. ಲೆಗೊದ ಸ್ವಂತ ಥೀಮ್‌ಗಳ ಗೊಂಬೆಗಳು ಹಳದಿ. 2003ರಲ್ಲಿ ಆರಂಭವಾಗಿ 2004ರ ಹೊತ್ತಿಗೆ, ಸಿನಿಮಾ ಮುಂತಾದವುಗಳ ಪರವಾನಗಿ ಪಡೆದ ಥೀಮ್‌ಗಳ ಗೊಂಬೆಗಳು ಮನುಷ್ಯರ ಸಹಜ ಮೈಬಣ್ಣಕ್ಕೆ ಬದಲಾದವು. ಎರಡನ್ನೂ ಒಂದೇ ದೃಶ್ಯದಲ್ಲಿ ನಿಲ್ಲಿಸಿದರೆ ಹೊಂದಿಕೆ ಕೆಡುತ್ತದೆ. ಹಳದಿ ಯಾರ ಬಣ್ಣವೂ ಅಲ್ಲವಾದ್ದರಿಂದ ಎಲ್ಲರಿಗೂ ಸಲ್ಲುತ್ತದೆ ಎಂಬ ವಾದ ಇದೆಯಾದರೂ, ಕರಾವಳಿಯ ದೃಶ್ಯ ಕಟ್ಟುವವರಿಗೆ ಕಂದು ಛಾಯೆಗಳು ಹೆಚ್ಚು ಒಪ್ಪುತ್ತವೆ ಎಂಬುದು ನನ್ನ ಅನಿಸಿಕೆ. ಹಾಗಾಗಿ ಪರವಾನಗಿ ಥೀಮ್‌ನ ಗೊಂಬೆಗಳನ್ನು ಕೊಳ್ಳುವಾಗ ಕಂದು ತಲೆ ಮತ್ತು ಅದೇ ಬಣ್ಣದ ಕೈಗಳು ಜೊತೆಯಾಗಿ ಇವೆಯೇ ಎಂದು ನೋಡಿ ಕೊಳ್ಳುತ್ತೇನೆ. ಹಸ್ತವನ್ನು ಎಳೆದು ಬದಲಿಸಬಹುದು. ತೋಳನ್ನು ಕೀಳಬಾರದು, ಅದನ್ನು ಕಿತ್ತು ಸೇರಿಸುವುದಕ್ಕೆಂದು ಮಾಡಿಲ್ಲ, ಮುಂಡದ ಬದಿ ಬಿರಿಯುತ್ತದೆ.

ಯಕ್ಷಗಾನಕ್ಕೆ ಎಲ್ಲಿಂದ ಏನು ಬರುತ್ತದೆ

ಹೊಸ ಥೀಮಿನ ಸತ್ವವನ್ನು ಅರಿಯಲು ಅದರ ಭಾಗಗಳಿಂದ ಒಂದು ವೇಷವನ್ನು ಕಟ್ಟಲು ಯತ್ನಿಸುವುದು ನನ್ನ ಮೆಚ್ಚಿನ ಪರೀಕ್ಷೆ. ಭಾಗಗಳನ್ನು ಕತ್ತರಿಸದೆ, ಬಣ್ಣ ಬಳಿಯದೆ, ಅಂಟು ಹಚ್ಚದೆ ಕಟ್ಟಬೇಕೆಂಬುದು ನಿಯಮ. ತೆಂಕುತಿಟ್ಟಿನ ರಾಜವೇಷವನ್ನು ತೆಗೆದುಕೊಳ್ಳಿ. ಭುಜಕೀರ್ತಿಗೆ ನಿಂಜಾಗೊ ಥೀಮ್ ಒದಗಿಬರುತ್ತದೆ. 2011ರಿಂದ ನಡೆದುಬಂದಿರುವ ಆ ಥೀಮ್‌ನಲ್ಲಿ ಕುತ್ತಿಗೆಗೆ ತೊಡಿಸುವ ಭುಜಕವಚಗಳು ನಾನಾ ಆಕಾರಗಳಲ್ಲಿ, ಚಿನ್ನದ ಬಣ್ಣದಲ್ಲಿಯೂ ಸಿಗುತ್ತವೆ. ಕಿರೀಟಕ್ಕೆ 2020ರಲ್ಲಿ ಆರಂಭವಾದ ಮಂಕಿ ಕಿಡ್ ಥೀಮ್ ನೋಡಬೇಕು. ಚೀನಾದ ವಾನರರಾಜನ ಪುರಾಣಕಥೆಯನ್ನು ಆಧರಿಸಿದ ಈ ಥೀಮ್‌ನ ತಲೆಯುಡುಗೆಗಳಲ್ಲಿ ಚಿನ್ನದ ಅಲಂಕಾರ, ಉದ್ದನೆಯ ಗರಿ ಎಲ್ಲ ಇರುವುದರಿಂದ, ಅಲ್ಲಿನ ರಂಗಭೂಮಿಯ ವೇಷಕ್ಕೂ ನಮ್ಮ ವೇಷಕ್ಕೂ ಎಲ್ಲೋ ನಂಟಿದೆಯೇನೋ ಎನಿಸುವಷ್ಟು ಹೋಲಿಕೆ ಕಾಣುತ್ತದೆ. 2023ರ ಡ್ರೀಮ್ಸ್ ಥೀಮ್‌ನ ದುಃಸ್ವಪ್ನದ ಜೀವಿಗಳ ತಲೆಗಳು ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಹೊಂದುತ್ತವೆ.

ಬಡಗುತಿಟ್ಟಿನ ಕೇದಗೆ ಮುಂದಲೆ ಎಂಬ ತಲೆಯುಡುಗೆ ಮಾತ್ರ ಇದುವರೆಗೆ ಯಾವ ಒಂದೇ ಭಾಗದಿಂದಲೂ ಆಗಿಲ್ಲ. ತಲೆಯ ಮೇಲಿನ ಗುಂಡಿಗೆ (ಭಾಗಗಳನ್ನು ಒಂದಕ್ಕೊಂದು ಕೂಡಿಸುವ ಉಬ್ಬಿಗೆ) ಪ್ಲೇಟ್ ಎಂಬ ಒಂದು ಸಣ್ಣ ಚಪ್ಪಟೆ ಇಟ್ಟಿಗೆಯನ್ನು ಕೂರಿಸಿ, ಅದರ ಮುಂದೆ ಎಲೆಯಾಕಾರದ ಭಾಗಗಳನ್ನು ಜೋಡಿಸಿ ಅಂದಾಜು ಆಕಾರ ತರಬಹುದು. ಆದರೆ ಗೊಂಬೆಯ ತಲೆಭಾರ ಹೆಚ್ಚಾಗಿ ಅದು ಮುಗ್ಗರಿಸುತ್ತದೆ, ಕಾಲನ್ನು ತಳಪಾಯದ ಗುಂಡಿಗಳಿಗೆ ಒತ್ತಿ ನಿಲ್ಲಿಸಲೇಬೇಕು. ಮಾರ್ನೆಮಿಯ ಪಿಲಿವೇಷ ಕಟ್ಟುವವರಿಗೆ 2015ರ ಹದಿನಾಲ್ಕನೆಯ ಸರಣಿಯ ಹುಲಿಹೆಂಗಸು ಒಂದು ಆರಂಭ. ಹುಲಿವೇಷದ ಗಂಡು ಮೈಕಟ್ಟಿಗೆ ಬೇರೆ ಮುಂಡ ಹುಡುಕಬೇಕಾಗುತ್ತದೆ.

ಮಿನಿಡಾಲ್‌ಗಳನ್ನು ನಾನು ಸಂಗ್ರಹಿಸುವುದಿಲ್ಲ. 2012ರಲ್ಲಿ ಫ್ರೆಂಡ್ಸ್ ಥೀಮ್‌ನೊಂದಿಗೆ ಬಂದ ಈ ತೆಳುಮೈಯ ಗೊಂಬೆಗಳ ಮಣಿಕಟ್ಟು ತಿರುಗುವುದಿಲ್ಲ, ಎರಡು ಕಾಲುಗಳು ಬೇರೆಬೇರೆಯಾಗಿ ಅಲುಗುವುದಿಲ್ಲ, ಅವುಗಳ ಮುಂಡಕ್ಕೂ ಮಿನಿಫಿಗರ್‌ನ ಕಾಲಿಗೂ ಕೂಡಿಬರುವುದಿಲ್ಲ. ಹಾಗಿದ್ದೂ ಫ್ರೆಂಡ್ಸ್ ಸೆಟ್‌ಗಳನ್ನು ಕಣ್ಣೆತ್ತಿ ನೋಡದೆ ಹೋಗಬೇಡಿ, ಏಕೆಂದರೆ ಅವುಗಳ ಕೂದಲು ಮಿನಿಫಿಗರ್‌ನ ತಲೆಗೆ ಸರಿಯಾಗಿ ಕೂರುತ್ತದೆ. ಆ ಕೂದಲಿನ ಅನೇಕ ಮಾದರಿಗಳಲ್ಲಿ ಚಿಕ್ಕ ಅಲಂಕಾರ ಸಿಕ್ಕಿಸಲು ತೂತು ಬಿಟ್ಟಿರುತ್ತಾರೆ. ಕಪ್ಪು ಜಡೆಯೊಂದಕ್ಕೆ ತಿಳಿ ಬಣ್ಣದ ಹೂವಿನ ಭಾಗವನ್ನು ಅಲ್ಲಿ ಸಿಕ್ಕಿಸಿ, ಇಳಿಜಾರಾದ ಲಂಗದ ಭಾಗವನ್ನು ಕೆಳಗೆ ಜೋಡಿಸಿದರೆ, ಶಂಕರಪುರದ ಮಲ್ಲಿಗೆ ಮುಡಿದು ಮೀನು ಮಾರುಕಟ್ಟೆಗೆ ಹೊರಟ ಹೆಂಗಸು ಸಿದ್ಧ.

ಥೀಮ್‌ಗಳ ತೂಕ

ಇದೇ ಅಳತೆಗೋಲನ್ನು ಥೀಮ್‌ಗಳಿಗೆ ಹಿಡಿದಾಗ ಸದ್ದು ಮಾಡುವ ಥೀಮ್‌ಗಳು ಕೆಳಗಿಳಿಯುತ್ತವೆ, ಸಪ್ಪೆ ಎನಿಸಿಕೊಂಡವು ಮೇಲೇರುತ್ತವೆ. ಸಿಟಿ ಥೀಮ್ ಇದಕ್ಕೆ ಉದಾಹರಣೆ. ಪೊಲೀಸ್, ಅಗ್ನಿಶಾಮಕ, ಆಸ್ಪತ್ರೆ ಎಂದು ಪ್ರತಿವರ್ಷ ಅದೇ ಅದೇ ಬರುತ್ತದೆ ಎಂದು ಸಂಗ್ರಾಹಕರು ಗೊಣಗುತ್ತಾರೆ, ಗೊಣಗಾಟದಲ್ಲಿ ಸತ್ಯವೂ ಇದೆ. ಆದರೆ ಸಾದಾ ಶರ್ಟು, ರೇನ್‌ಕೋಟು, ಕೆಲಸಗಾರರ ಮೇಲಂಗಿ ಇವೆಲ್ಲ ಕಡಿಮೆ ಬೆಲೆಯಲ್ಲಿ ಸಿಗುವುದು ಅಲ್ಲಿಯೇ, ಮತ್ತು ಊರನ್ನು ತುಂಬಿಸಲು ಬೇಕಾದವರು ಇಂಥ ಮಂದಿಯೇ.

2025ರಲ್ಲಿ ಬಂದ ಫಾರ್ಮುಲಾ ಒನ್ ಸೆಟ್‌ಗಳು ಇದಕ್ಕೆ ತದ್ವಿರುದ್ಧ. ಹತ್ತೂ ತಂಡಗಳ ಕಾರುಗಳನ್ನು ಒಮ್ಮೆಲೇ ಬಿಡುಗಡೆ ಮಾಡಿದ್ದು ದೊಡ್ಡ ಸಾಹಸವೇ, ಕಾರುಗಳೂ ಚೆನ್ನಾಗಿವೆ. ಆದರೆ ಚಾಲಕ ಗೊಂಬೆಯ ಎದೆಯ ತುಂಬ ಪ್ರಾಯೋಜಕರ ಲಾಂಛನಗಳಿರುವುದರಿಂದ ಅದು ಆ ಕಾರನ್ನು ಬಿಟ್ಟು ಬೇರೆಲ್ಲಿಯೂ ಇಳಿಯಲಾರದು. ಗೊಂಬೆಗಾಗಿ ಈ ಸೆಟ್‌ಗಳನ್ನು ಕೊಳ್ಳಬೇಕಾಗಿಲ್ಲ. 2026ರ ಪೋಕೆಮಾನ್ ಸೆಟ್‌ಗಳಲ್ಲಿ ಜೀವಿಗಳನ್ನು ಇಟ್ಟಿಗೆಗಳಿಂದಲೇ ಕಟ್ಟುವ ಕಾರಣ ಅವು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಬಾಹ್ಯಾಕಾಶದ ವಿಷಯದಲ್ಲಿ ನನ್ನ ಅಭಿಪ್ರಾಯ ಅನೇಕರಿಗೆ ಒಪ್ಪಿಗೆಯಾಗದು. 2024ರ ಇಪ್ಪತ್ತಾರನೆಯ ಸರಣಿಯ ಹನ್ನೆರಡೂ ಗೊಂಬೆಗಳು ಬಾಹ್ಯಾಕಾಶಕ್ಕೆ ಮೀಸಲಾಗಿದ್ದವು. 1987ರ ಬ್ಲ್ಯಾಕ್‌ಟ್ರಾನ್, 1990ರ ಎಮ್-ಟ್ರಾನ್, 1993ರ ಐಸ್ ಪ್ಲಾನೆಟ್ ಥೀಮ್‌ಗಳನ್ನು ನೆನಪಿಸುವ ಗೊಂಬೆಗಳು ಅದರಲ್ಲಿದ್ದು, ಆ ಸೆಟ್‌ಗಳೊಂದಿಗೆ ಬೆಳೆದವರು ಕೊಂಡಾಡಿದರು. ತೊಂಬತ್ತರ ದಶಕದ ಕರಾವಳಿಯಲ್ಲಿ ಆ ಸೆಟ್‌ಗಳು ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಸೂಟ್‌ಕೇಸುಗಳಲ್ಲಿ ಮಾತ್ರ ಬರುತ್ತಿದ್ದವಾದ್ದರಿಂದ, ಇಲ್ಲಿನ ಬಹುಪಾಲು ಮಂದಿಗೆ ಆ ನೆನಪಿನ ಸೊಗಸೇ ಇಲ್ಲ. ಬೇರೆಯವರ ಬಾಲ್ಯವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ಆ ಸರಣಿಯಲ್ಲಿ ಆಯ್ದುಕೊಳ್ಳುವುದಾದರೆ ಬಾಹ್ಯಾಕಾಶ ನಡಿಗೆಯ ಗಗನಯಾತ್ರಿ ಸಾಕು. ಅದು ಯಾವ ದೇಶದ ನೌಕೆಗೂ ಹೊಂದುತ್ತದೆ.

ಕೋಟೆಯ ಥೀಮ್ ಮರಳಿ ಬಂದ ಬಗೆ ಮಾತ್ರ ಮನಸಾರೆ ಮೆಚ್ಚುವಂಥದು. 2022ರ ಲಯನ್ ನೈಟ್ಸ್ ಕ್ಯಾಸಲ್ ಸೆಟ್‌ನಲ್ಲಿ 4,514 ಭಾಗಗಳೂ 22 ಮಿನಿಫಿಗರ್‌ಗಳೂ ಇದ್ದವು. ಅವರಲ್ಲಿ ಸೈನಿಕರಷ್ಟೇ ಅಲ್ಲ, ರೈತರು, ಕಸುಬುದಾರರೂ ಇದ್ದರು. 2024ರ ಮಧ್ಯಯುಗದ ಪೇಟೆಚೌಕದ ಸೆಟ್ ಇದೇ ದಾರಿಯಲ್ಲಿ ಮುಂದುವರಿದು, ಮೇಕೆಯನ್ನೂ ಮರಳಿ ತಂದಿತು. 2011ರ ಒಂದು ಸೆಟ್‌ನಲ್ಲಿ ಕಾಣಿಸಿಕೊಂಡು ಮಾಯವಾಗಿದ್ದ ಆ ಮೇಕೆಯ ಬೆಲೆ ಹಳೆಯ ಭಾಗಗಳ ಮಾರುಕಟ್ಟೆಯಲ್ಲಿ ಎಷ್ಟು ಏರಿತ್ತೆಂದರೆ, ಒಂದು ಪ್ಲಾಸ್ಟಿಕ್ ಮೇಕೆಗೆ ಇಡೀ ಸೆಟ್‌ನ ಬೆಲೆ ಕೊಡಲು ಜನ ಸಿದ್ಧರಿದ್ದರು. ಒರಟು ಬಟ್ಟೆ ತೊಟ್ಟ ಈ ರೈತರ ಮುಂಡಗಳನ್ನು ಲುಂಗಿಯ ಕಾಲುಗಳೊಂದಿಗೆ ಸೇರಿಸಿದರೆ ಗದ್ದೆಯ ಕೆಲಸಕ್ಕೆ ಒಪ್ಪುತ್ತವೆ. ಕಡಲಿನ ಸಾಮಾನು ಬೇಕಾದವರು 2017ರ ಹಳೆಯ ಮೀನುಗಾರಿಕೆ ಅಂಗಡಿಯ ಸೆಟ್ ಹುಡುಕಬಹುದು; 2,049 ಭಾಗಗಳಲ್ಲಿ ಗೊಂಬೆಗಳು ನಾಲ್ಕೇ ಇದ್ದರೂ ಮೀನುಗಾರಿಕೆಯ ಸಣ್ಣಪುಟ್ಟ ಸಾಮಾನಿಗೆ ಅದು ಗಣಿ.

ಫೋನಿನೊಡನೆ ಆಡಬೇಕಾದ ಥೀಮ್‌ಗಳ ಬಗ್ಗೆ ಎಚ್ಚರ ಬೇಕು. 2019ರ ಹಿಡನ್ ಸೈಡ್, 2021ರ ವಿಡಿಯೊ (Vidiyo) ಎಂಬ ಥೀಮ್‌ಗಳೆರಡೂ ಆ್ಯಪ್‌ಗಳನ್ನು ನಂಬಿ ಬಂದವು, ಎರಡೂ ಬೇಗ ಮುಗಿದವು. ಆದರೂ ಹಿಡನ್ ಸೈಡ್‌ನ ಗೊಂಬೆಗಳು ಸಾಮಾನ್ಯ ಊರಿನ ಮಂದಿಯಾಗಿದ್ದು, ತಲೆಯ ಒಂದು ಬದಿಗೆ ಮನುಷ್ಯಮುಖವೂ ಇನ್ನೊಂದು ಬದಿಗೆ ದೆವ್ವ ಹಿಡಿದ ಮುಖವೂ ಇದ್ದುದರಿಂದ ಇಂದಿಗೂ ಉಪಯುಕ್ತ. 2026ರಲ್ಲಿ ಬಂದಿರುವ, ಸದ್ದು ಬೆಳಕು ಸೂಸುವ ಸ್ಮಾರ್ಟ್ ಇಟ್ಟಿಗೆಗೂ ಇದೇ ಮಾತು: ಅದರೊಳಗಿನ ಬ್ಯಾಟರಿ ಸತ್ತ ಮೇಲೂ ಸೆಟ್‌ನಲ್ಲಿ ಇಟ್ಟುಕೊಳ್ಳಬಹುದಾದ ಗೊಂಬೆ ಉಳಿಯುತ್ತದೆಯೇ ಎಂದು ನೋಡಿ ನಿರ್ಧರಿಸಿ.

ಕೊಳ್ಳುವಾಗ

ಒಳಗೇನಿದೆ ಎಂದು ತಿಳಿಯದಂತೆ ಮಾರುವ ಬಿಡಿ ಗೊಂಬೆಗಳ ಸರಣಿ 2010ರಲ್ಲಿ ಆರಂಭವಾಯಿತು. ಮೊದಲು ಚೀಲದ ಮೇಲಿನಿಂದ ಬೆರಳಾಡಿಸಿ ಕಂಡುಹಿಡಿಯಬಹುದಿತ್ತು. 2023ರಲ್ಲಿ ರಟ್ಟಿನ ಪೆಟ್ಟಿಗೆ ಬಂದ ಮೇಲೆ ಆ ವಿದ್ಯೆ ನಡೆಯದು. ಪೆಟ್ಟಿಗೆಯ ಮೇಲಿನ ಚೌಕಾಕಾರದ ಸಣ್ಣ ಕೋಡನ್ನು ಓದಿ ಗೊಂಬೆ ಯಾವುದೆಂದು ಹೇಳುವ ಆ್ಯಪ್‌ಗಳನ್ನು ಅಭಿಮಾನಿಗಳು ರೂಪಿಸಿದ್ದಾರೆ, ಆದರೆ ಮಾಲ್‌ನ ಅಂಗಡಿಯಲ್ಲಿ ಪೆಟ್ಟಿಗೆಗಳ ರಾಶಿ ಹರಡಿಕೊಂಡು ಕೂರುವ ಮೊದಲು ಅಂಗಡಿಯವರನ್ನು ಕೇಳುವುದು ಮರ್ಯಾದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಇಡೀ ಕೇಸನ್ನು, ಅಂದರೆ ಈ ಪೆಟ್ಟಿಗೆಗಳನ್ನು ತುಂಬಿದ ದೊಡ್ಡ ಪೆಟ್ಟಿಗೆಯನ್ನು, ಹಂಚಿಕೊಳ್ಳುವುದು. ಇತ್ತೀಚಿನ ಸರಣಿಗಳ ಕೇಸಿನಲ್ಲಿ ಸಾಮಾನ್ಯವಾಗಿ 36 ಪೆಟ್ಟಿಗೆಗಳಿದ್ದು, ಹನ್ನೆರಡು ಗೊಂಬೆಗಳ ಮೂರು ಪೂರ್ಣ ತಂಡಗಳು ಅದರಲ್ಲಿರುತ್ತವೆ. ಮಂಗಳೂರು, ಉಡುಪಿ, ಮಣಿಪಾಲದ ಮೂವರು ಸೇರಿದರೆ ಯಾರಿಗೂ ಒಂದೇ ಗೊಂಬೆ ಎರಡು ಬರುವುದಿಲ್ಲ.

ಪ್ರತಿ ಭಾಗಕ್ಕೆ ಎಷ್ಟು ರೂಪಾಯಿ ಬಿತ್ತು ಎಂಬ ಲೆಕ್ಕ ಗೊಂಬೆಗಳ ಮಟ್ಟಿಗೆ ದಾರಿ ತಪ್ಪಿಸುತ್ತದೆ. ದೊಡ್ಡ ಸೆಟ್‌ನಲ್ಲಿ ಸಾವಿರ ಚೂರುಗಳಿದ್ದರೂ ಅವುಗಳಲ್ಲಿ ಬಹಳಷ್ಟು ಒಂದು ಗುಂಡಿಯ ಪ್ಲೇಟ್‌ಗಳಾಗಿರಬಹುದು. ನಾಲ್ಕು ಗೊಂಬೆಗಳಿರುವ ಚಿಕ್ಕ ಸೆಟ್‌ಗಳನ್ನು ನೋಡಿ. ಸೈನಿಕರಂಥ ಗೊಂಬೆಗಳ ದಳ ಕಟ್ಟಲು ಅವೇ ಅಗ್ಗ.

ನಕಲಿಗಳು ಎಲ್ಲೆಡೆ ಸಿಗುತ್ತವೆ. ಅಸಲಿಯ ಪ್ರತಿಯೊಂದು ಗುಂಡಿಯ ಮೇಲೂ, ಗೊಂಬೆಯ ಕುತ್ತಿಗೆಯ ಗುಂಡಿಯ ಮೇಲೂ ಕಂಪನಿಯ ಹೆಸರು ಸಣ್ಣಕ್ಷರಗಳಲ್ಲಿ ಉಬ್ಬಿರುತ್ತದೆ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ ಪೆಟ್ಟಿಗೆಯ ಮೇಲೆ ಅದನ್ನೂ ಹುಡುಕಿ. ಅಸಲಿ ಹಸ್ತವು 3.18 ಮಿಲಿಮೀಟರ್ ದಪ್ಪದ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಸಾಮಾನು ಜಾರಿಬಿದ್ದರೆ ಗೊಂಬೆಯ ಮೇಲೆ ಅನುಮಾನ ಪಡಿ.

ನಮ್ಮ ಹವೆಯಲ್ಲಿ ಕಾಪಾಡುವುದು

ಗೊಂಬೆಯ ಗಟ್ಟಿ ಪ್ಲಾಸ್ಟಿಕ್ಕಿಗೆ ಮಳೆಗಾಲದ ತೇವದಿಂದ ಏನೂ ಆಗುವುದಿಲ್ಲ. ಕೆಡುವುದು ರಟ್ಟಿನ ಪೆಟ್ಟಿಗೆ, ಸೂಚನಾ ಪುಸ್ತಕ, ಸ್ಟಿಕ್ಕರ್ ಹಾಳೆ ಮತ್ತು ಬಟ್ಟೆಯ ಮೇಲುಹೊದಿಕೆ. ಜೂನ್‌ಗೆ ಮುಂಚೆ ಇವನ್ನು ಬಿಗಿ ಮುಚ್ಚಳದ ಡಬ್ಬಿಗಳಿಗೆ ಸೇರಿಸಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಡಿ. ಪೊಟ್ಟಣಗಳನ್ನು ನಡುನಡುವೆ ಬದಲಿಸಿ. ಬಟ್ಟೆಯ ಹೊದಿಕೆಗಳನ್ನು ಗೊಂಬೆಯಿಂದ ಬಿಚ್ಚಿ, ಮಡಚದೆ, ಪುಸ್ತಕದ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡುವುದು ಮೇಲು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಪ್ಲಾಸ್ಟಿಕ್ಕಿಗೆ ನಿಜವಾದ ವೈರಿ ಬಿಸಿಲು. ಪಶ್ಚಿಮದ ಕಿಟಕಿಯ ಬಳಿ ಇಟ್ಟ ಬಿಳಿ ಮತ್ತು ಬೂದು ಭಾಗಗಳು ನೇರಳಾತೀತ ಕಿರಣಗಳಿಂದ ಹಳದಿಗೆ ತಿರುಗುತ್ತವೆ. ಸಮುದ್ರದ ಕಡೆಯ ಗಾಳಿಯಲ್ಲಿ ಬರುವ ಉಪ್ಪುಧೂಳನ್ನು ಒಣ ಕುಂಚದಿಂದ ತೆಗೆಯಬಹುದು. ತೊಳೆಯುವುದಾದರೆ ನೀರು 40 ಡಿಗ್ರಿಗಿಂತ ಬಿಸಿ ಇರಬಾರದು, ಅಚ್ಚಿನ ಮೇಲೆ ಉಜ್ಜಬಾರದು. ಹಳೆಯ ಗೊಂಬೆಗಳನ್ನು ಕೊಳ್ಳುವವರು ಕಂದು ಮತ್ತು ಗಾಢ ಕೆಂಪು ಭಾಗಗಳನ್ನು ಹೆಚ್ಚು ಜಾಗ್ರತೆಯಿಂದ ಪರೀಕ್ಷಿಸಬೇಕು, ಏಕೆಂದರೆ ಸುಮಾರು 2008ರ ನಂತರದ ಕೆಲವು ವರ್ಷಗಳಲ್ಲಿ ತಯಾರಾದ ಈ ಬಣ್ಣದ ಭಾಗಗಳು ಸುಲಭವಾಗಿ ಬಿರುಕು ಬಿಡುತ್ತವೆ. ಅವನ್ನು ಬಿಡಿಸುವಾಗ ಒಮ್ಮೆಲೇ ಕೀಳದೆ, ಸ್ವಲ್ಪ ಸ್ವಲ್ಪವಾಗಿ ಅಲುಗಿಸಿ ಸಡಿಲಿಸಿ.